ಗೋದಾಮಿನ ಮೇಲೆ ಎಂಟು ಮಂದಿ ಅಡಗಿದ್ದು ಹೇಗೆ?

ಕೆಳಗೆ ಕೆಲಸಗಾರರಿದ್ದ ಕಟ್ಟಡದಲ್ಲಿ ದಿನಚರಿಯಿಂದ ಹೆಸರಾದ ಯಹೂದಿ ಹುಡುಗಿ ಆನ್ ಫ್ರಾಂಕ್ ಮತ್ತು ಇತರ ಏಳು ಮಂದಿ ನಾಜಿಗಳ ಕಣ್ಣು ತಪ್ಪಿಸಿ ಎರಡು ವರ್ಷ ಯಾರಿಗೂ ಸುಳಿವು ಸಿಗದಂತೆ ಬದುಕಿದ್ದು ಹೇಗೆ, ಊಟ ಎಲ್ಲಿಂದ ಬರುತ್ತಿತ್ತು ಎಂದು ಕೇಳಿದ್ದೀರಿ.

ಆಮ್‌ಸ್ಟರ್‌ಡ್ಯಾಮಿನ ಪ್ರಿನ್ಸೆನ್‌ಗ್ರಾಕ್ಟ್ ಕಾಲುವೆಯ ದಂಡೆಯಲ್ಲಿದ್ದ ಆ ಕಟ್ಟಡದಲ್ಲಿ ಆಕೆಯ ತಂದೆ ಓಟ್ಟೊ ಫ್ರಾಂಕ್ ಅವರ ವ್ಯಾಪಾರ ಸಂಸ್ಥೆಯೇ ಇತ್ತು. ಅಕ್ಕ ಮಾರ್ಗೊಟ್‌ಗೆ ದುಡಿಮೆ ಶಿಬಿರಕ್ಕೆ ಹಾಜರಾಗಲು ಆದೇಶ ಬಂದ ಮರುದಿನ, 1942ರ ಜುಲೈ 6ರಂದು, ಕುಟುಂಬವು ಹಿಂಭಾಗದ ಕೋಣೆಗಳನ್ನು ಸೇರಿತು. ಅಲ್ಲಿಗೆ ಹೋಗುವ ಬಾಗಿಲನ್ನು ಮರೆಮಾಡಿದ ತಿರುಗುವ ಪುಸ್ತಕದ ಕಪಾಟನ್ನು ಮಾಡಿಕೊಟ್ಟವರು ಕಚೇರಿಯ ಬೆಪ್ ವೋಸ್ಕುಯ್ಲ್ ಅವರ ತಂದೆ.

ಆದರೆ ಕಪಾಟಿಗಿಂತ ಹೆಚ್ಚಾಗಿ ಅವರನ್ನು ಕಾಪಾಡಿದ್ದು ಶಿಸ್ತು ಎಂದು ನನಗನ್ನಿಸುತ್ತದೆ. ಕೆಲಸದ ವೇಳೆಯಲ್ಲಿ ಪಿಸುಮಾತಿನಲ್ಲೇ ಮಾತನಾಡಬೇಕಿತ್ತು, ಬೂಟು ಹಾಕಿ ನಡೆಯುವಂತಿರಲಿಲ್ಲ, ಕೊಳವೆಯ ಸದ್ದು ಕೆಳಗೆ ಕೇಳುತ್ತದೆಂದು ಶೌಚಾಲಯಕ್ಕೆ ನೀರು ಬಿಡುವಂತಿರಲಿಲ್ಲ. ಹದಿಮೂರರ ಮಾತಿನಮಲ್ಲಿಗೆ ಇದೆಷ್ಟು ಕಷ್ಟವಾಗಿರಬೇಕು! ಗೋದಾಮಿನವರು ಮಧ್ಯಾಹ್ನ ಊಟಕ್ಕೆ ಹೋದಾಗ ಮಾತ್ರ ತುಸು ಬಿಡುವು. ಆಗ ಕಚೇರಿಯ ಸಹಾಯಕರು ಮೇಲೆ ಬಂದು ಹೊರಗಿನ ಸುದ್ದಿ ಹೇಳುತ್ತಿದ್ದರು.

ಊಟದ ವಿಷಯಕ್ಕೆ ಬಂದರೆ, ಯುದ್ಧಕಾಲದಲ್ಲಿ ಆಹಾರಕ್ಕೆ ಪಡಿತರ ಚೀಟಿ ಬೇಕಿತ್ತು, ತಲೆಮರೆಸಿಕೊಂಡವರಿಗೆ ಅದು ಸಿಗುತ್ತಿರಲಿಲ್ಲ. ಕಚೇರಿಯ ಸಹಾಯಕರಲ್ಲೊಬ್ಬರಾದ ಮೀಪ್ ಗೀಸ್ ಅವರ ಪತಿ ಯಾನ್ ಗುಪ್ತ ಪ್ರತಿರೋಧ ಚಳವಳಿಯ ಮೂಲಕ ಚೀಟಿಗಳನ್ನು ಹೊಂದಿಸುತ್ತಿದ್ದರು, ಮೀಪ್ ತರಕಾರಿ ತರುತ್ತಿದ್ದರು. ಹತ್ತಿರದ ತರಕಾರಿ ಅಂಗಡಿಯವರು ತಮ್ಮ ಮನೆಯಲ್ಲಿ ಇಬ್ಬರು ಯಹೂದಿಗಳನ್ನು ಅಡಗಿಸಿಟ್ಟಿದ್ದಕ್ಕಾಗಿ 1944ರ ಮೇ ತಿಂಗಳಲ್ಲಿ ಬಂಧಿತರಾದಾಗ, ಈ ಎಂಟು ಮಂದಿ ಬೆಳಗಿನ ಉಪಾಹಾರವನ್ನೇ ಕೈಬಿಡುವ ಯೋಚನೆ ಮಾಡಬೇಕಾಯಿತು.