ಆಸೆಯ ಬಗ್ಗೆ ಟ್ಯಾರೋದಲ್ಲಿ ಏನು ಕೇಳಬೇಕು, ಹೇಗೆ ಕೇಳಬೇಕು?

ಬದಿಯಡ್ಕದ ಕಡೆ ಮನೆ, ಮಂಗಳೂರಿನಲ್ಲಿ ಕೆಲಸ. ಕೆಲಸ ಬಿಟ್ಟು ಊರಿನ ಅಡಿಕೆ ತೋಟ ನೋಡಿಕೊಂಡಿರಬೇಕೆಂದು ಆಸೆ. ‘ಇದು ನೆರವೇರುತ್ತದೆಯೇ’ ಎಂದು ಮೂರು ಸಲ ಕಾರ್ಡ್ ತೆಗೆದಾಗ ಮೂರು ಬಗೆಯ ಉತ್ತರ ಬಂತು, ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ.

ಮೂರನ್ನೂ ಬದಿಗಿಡಿ. ಟ್ಯಾರೋ ಎಂದರೆ 78 ಚಿತ್ರದ ಕಾರ್ಡುಗಳ ಕಟ್ಟು. ಚೆನ್ನಾಗಿ ಕಲಸಿ ಒಂದು ತೆಗೆದರೆ ನಿನ್ನೆ ಬಂದದ್ದೇ ಇವತ್ತೂ ಬರುವ ಸಾಧ್ಯತೆ 78ರಲ್ಲಿ ಒಂದು. ಹಾಗಾಗಿ ಉತ್ತರ ಬದಲಾಗುವುದೇ ಸಹಜ. ನಮ್ಮ ಕಡೆ ಜೋಯಿಸರಲ್ಲಿ ಪ್ರಶ್ನೆ ಇಡಿಸುವ ರೂಢಿ ಇದೆ; ಕವಡೆ ಇಟ್ಟು ಆಗುತ್ತದೋ ಇಲ್ಲವೋ ಹೇಳಿ, ದೋಷ ಕಂಡರೆ ಪರಿಹಾರವನ್ನೂ ಹೇಳುತ್ತಾರೆ. ಟ್ಯಾರೋದಿಂದಲೂ ಅದನ್ನೇ ನಿರೀಕ್ಷಿಸಿದರೆ ನಿಮಗಾದ ಹಾಗೆಯೇ ಆಗುವುದು. ಮುಂದಾಗುವುದನ್ನು ಕಾರ್ಡ್ ತಿಳಿಸುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ‘ನೆರವೇರಿದರೆ ಅದರ ಜೊತೆಗೆ ಏನೇನು ಬರುತ್ತದೆ’ ಎಂದು ಕೇಳಿದರೆ, ನೀವಾಗಿಯೇ ಯೋಚಿಸದೆ ಬಿಟ್ಟ ಮೂಲೆಗೆ ನಿಮ್ಮನ್ನು ಕರೆದೊಯ್ಯುವ ಶಕ್ತಿ ಈ ಚಿತ್ರಗಳಿಗಿದೆ.

ಮೊದಲು ಕಟ್ಟಿನ ವಿಷಯ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಇಟಲಿಯಲ್ಲಿ, ಎಲೆಯಾಟವಾಗಿ. ಭವಿಷ್ಯ ನೋಡಲು ಅದನ್ನು ಬಳಸುವ ಪದ್ಧತಿ ಹಬ್ಬಿದ್ದು 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನಿಂದ. ಫ್ರಾನ್ಸಿನ ಹಳೆಯ ಮಾರ್ಸೇಲ್ ಮಾದರಿಯ ಕಟ್ಟಿನಲ್ಲಿ ಮೇಜರ್ ಎನ್ನುವ 22 ಮುಖ್ಯ ಕಾರ್ಡುಗಳಿಗೂ ರಾಜ, ರಾಣಿಯಂಥ ಕಾರ್ಡುಗಳಿಗೂ ಪೂರ್ಣ ಚಿತ್ರವಿದೆ. ಉಳಿದವುಗಳಲ್ಲಿ ಬರೀ ಬಟ್ಟಲು (ಕಪ್ಸ್), ಕೋಲು (ವಾಂಡ್ಸ್), ಕತ್ತಿ, ನಾಣ್ಯಗಳ (ಪೆಂಟಕಲ್ಸ್) ಎಣಿಕೆ. 1909ರಲ್ಲಿ ಲಂಡನ್ನಿನಲ್ಲಿ ಬಂದ, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ ರೈಡರ್-ವೇಟ್ ಕಟ್ಟಿನಲ್ಲಿ ಎಣಿಕೆಯ ಕಾರ್ಡುಗಳಲ್ಲೂ ಒಂದೊಂದು ದೃಶ್ಯ ಇದೆ. ಕೆಳಗಿನ ಕ್ರಮಕ್ಕೆ ಅಂಥದೇ ಬೇಕು, ಏಕೆಂದರೆ ಓದುವುದು ದೃಶ್ಯವನ್ನು.

ಕಾರ್ಡ್ ಮುಟ್ಟುವ ಮೊದಲು ಆಸೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ: ಯಾರು, ಏನು, ಯಾವಾಗಿನಿಂದ. ‘ನೆಮ್ಮದಿ ಬೇಕು’ ಎಂದು ಬರೆದರೆ ಯಾವ ಕಾರ್ಡನ್ನೂ ಅದಕ್ಕೆ ಹೊಂದಿಸಿಬಿಡಬಹುದು. ನಿಮ್ಮ ಮಾತಿನಲ್ಲಿ ಎರಡು ಆಸೆ ಸೇರಿಕೊಂಡಿವೆ. ಕೆಲಸ ಬಿಡುವುದು ಒಂದು, ತೋಟ ನಡೆಸುವುದು ಇನ್ನೊಂದು. ನಾಳೆ ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಎಂದರೆ ತೋಟದ ಆಸೆ ಉಳಿಯುತ್ತದೆಯೇ? ಉಳಿಯದಿದ್ದರೆ ನಿಮಗೆ ಬೇಡವಾಗಿರುವುದು ದಿನನಿತ್ಯದ ರೈಲು ಓಡಾಟ ಮಾತ್ರ. ಅದಕ್ಕೆ ಬೇರೆ ವಾಕ್ಯ, ಬೇರೆ ದಿನ.

ಆಮೇಲೆ ಎಲ್ಲ 78 ಕಾರ್ಡುಗಳನ್ನೂ ಚಿತ್ರ ಮೇಲಾಗಿ ಹಾಸಿನ ಮೇಲೆ ಹರಡಿ. ಹತ್ತು ಹದಿನೈದು ನಿಮಿಷ ನೋಡಿ, ಆಸೆ ನೆರವೇರಿದ ದಿನವನ್ನು ಹೋಲುವ ಒಂದೇ ಒಂದು ಕಾರ್ಡನ್ನು ಆರಿಸಿ. ಜೊತೆಗೆ ಬರುವ ಕೈಪುಸ್ತಕ ತೆರೆಯಬೇಡಿ. ಚಿತ್ರದಲ್ಲಿ ಯಾರಿದ್ದಾರೆ, ಯಾರಿಲ್ಲ, ಕೈ ಏನು ಮಾಡುತ್ತಿದೆ ಎಂದು ಬರೆಯಿರಿ. ಈ ಹೆಜ್ಜೆಯನ್ನು ಬಹಳ ಜನ ಹಾರಿಸುತ್ತಾರೆ. ನನ್ನ ಮಟ್ಟಿಗೆ ಅರ್ಧ ಕೆಲಸ ಆಗುವುದೇ ಇಲ್ಲಿ. ನೀವು ಪೆಂಟಕಲ್ಸ್ ಒಂಬತ್ತನ್ನು ಆರಿಸಿದಿರಿ ಎನ್ನೋಣ. ದ್ರಾಕ್ಷಿ ತೋಟದಲ್ಲಿ ಒಬ್ಬಳೇ ಹೆಂಗಸು, ಕೈಮೇಲೆ ಗಿಡುಗ. ಪೆಂಟಕಲ್ಸ್ ಹತ್ತರಲ್ಲಾದರೆ ಮುದುಕ, ದಂಪತಿ, ಮಗು, ನಾಯಿಗಳು ಎಲ್ಲ ಒಟ್ಟಿಗೆ. ಮೊದಲನೆಯದು ಯಾರ ಅಪ್ಪಣೆಗೂ ಕಾಯದೆ ಇರುವ ಆಸೆ, ಎರಡನೆಯದು ಮನೆಯವರ ನಡುವೆ ಇರುವ ಆಸೆ. ಎರಡೂ ಒಂದೇ ತೋಟದಲ್ಲಿ ಸಿಗುವುದು ಸುಲಭವಲ್ಲ. ಕಪ್ಸ್ ಏಳು ಕೈಗೆ ಬಂದರೆ, ಮೋಡದ ಮೇಲೆ ಏಳು ಬಟ್ಟಲು, ಒಂದೊಂದರಲ್ಲಿ ಒಂದೊಂದು ಆಮಿಷ, ನೋಡುವವನ ಮುಖ ಕಾಣದು. ಆಗ ಅಲ್ಲಿಗೇ ನಿಲ್ಲಿಸಿ ವಾಕ್ಯವನ್ನು ತಿದ್ದಿ.

ಆರಿಸಿದ ಕಾರ್ಡನ್ನು ಮಧ್ಯದಲ್ಲಿಟ್ಟು ಉಳಿದ 77ನ್ನು ಕಲಸಿ, ಚಿತ್ರ ಕೆಳಗಾಗಿ ಐದು ತೆಗೆಯಿರಿ. ಯಾವ ಜಾಗ ಯಾವುದಕ್ಕೆ ಎಂಬುದು ತೆಗೆಯುವ ಮೊದಲೇ ಕಾಗದದ ಮೇಲಿರಬೇಕು. ನಿಜವಾಗಿ ಕೈಗೆ ಸಿಗುವುದು, ಕೈಬಿಡಬೇಕಾದದ್ದು, ನನ್ನ ಆಸೆಯ ಭಾರ ಹೊರುವ ಇನ್ನೊಬ್ಬರು, ಒಂದು ವರ್ಷ ಕಳೆದು ಹೊಸತನ ಹೋದ ಮೇಲಿನ ದಿನ, ಆಸೆ ನೆರವೇರದೆ ಹೋದರೆ ಉಳಿಯುವುದು. ಒಂದೊಂದಕ್ಕೂ ಎರಡು ಮೂರು ವಾಕ್ಯ, ಕೊನೆಗೆ ಹೊರಗೆ ಹೋಗಿ ವಿಚಾರಿಸಬಹುದಾದ ಒಂದು ವಿಷಯ. ಈ ಕೊನೆಯ ಸಾಲು ಬರೆಯದಿದ್ದರೆ ಮಿಕ್ಕದ್ದೆಲ್ಲ ಬರೀ ಕಲ್ಪನೆಯಾಗಿ ಉಳಿಯುತ್ತದೆ.

ಎರಡನೆಯ ಮತ್ತು ಮೂರನೆಯ ಜಾಗಕ್ಕೆ ಹೆಚ್ಚು ಹೊತ್ತು ಕೊಡಿ. ಎರಡರಲ್ಲಿ ಪೆಂಟಕಲ್ಸ್ ನಾಲ್ಕು ಬಂತು ಎನ್ನಿ: ಕಿರೀಟದ ಮೇಲೊಂದು ನಾಣ್ಯ, ತೋಳಲ್ಲಿ ಅವುಚಿಕೊಂಡದ್ದೊಂದು, ಕಾಲಡಿ ಎರಡು. ನೀವು ಅವುಚಿಕೊಂಡಿರುವುದು ಏನು? ತಿಂಗಳ ಸಂಬಳ, ಪಿಎಫ್, ಕಂಪನಿ ಕೊಟ್ಟ ಆರೋಗ್ಯ ವಿಮೆ. ಆ ವಿಮೆಯಲ್ಲಿ ಅಪ್ಪ ಅಮ್ಮನ ಹೆಸರೂ ಇದ್ದರೆ ನೀವು ರಾಜೀನಾಮೆ ಕೊಟ್ಟಾಗ ಅವರ ರಕ್ಷಣೆಯೂ ಹೋಗುತ್ತದೆ. ಚಾಲಿ, ಅಂದರೆ ಹಣ್ಣಾದ ಮೇಲೆ ಸಿಪ್ಪೆ ಸಹಿತ ಒಣಗಿಸುವ ಅಡಿಕೆ, 40-45 ದಿನ ಅಂಗಳದಲ್ಲಿ ಒಣಗಬೇಕು, ಸುಲಿಸಬೇಕು, ಧಾರಣೆ ನೋಡಿ ಕೊಡಬೇಕು. ಒಂದನೇ ತಾರೀಕಿಗೆ ದುಡ್ಡು ಬರುವ ಲೆಕ್ಕ ಅಲ್ಲಿಲ್ಲ. ವಿಚಾರಿಸಬೇಕಾದದ್ದು: ಹೋದ ವರ್ಷ ಯಾವ ಯಾವ ತಿಂಗಳಲ್ಲಿ ತೋಟದಿಂದ ಎಷ್ಟು ಬಂತು, ಎಷ್ಟು ಹೋಯಿತು.

ಮೂರರಲ್ಲಿ ವಾಂಡ್ಸ್ ಹತ್ತು ಬಂದರೆ ಹತ್ತು ಕೋಲು ಹೊತ್ತು ಬಗ್ಗಿ ನಡೆಯುವವನ ಮುಖ ಕಾಣಿಸುವುದಿಲ್ಲ. ಆ ಮುಖ ಯಾರದು? ತೋಟ ಇವತ್ತು ನಡೆಸುತ್ತಿರುವವರದೋ, ನಿಮ್ಮ ಸಂಬಳ ನಿಂತಾಗ ಮನೆ ನಡೆಸಬೇಕಾದ ಹೆಂಡತಿಯದೋ? ಇದನ್ನು ಕಾರ್ಡಿಗೆ ಇನ್ನೊಮ್ಮೆ ಕೇಳಬೇಡಿ. ಅವರನ್ನೇ ಕೂರಿಸಿಕೊಂಡು ಕೇಳಿ. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಕಾರ್ಡಿನಲ್ಲಿ ಹುಡುಕಿದರೆ ಸಿಗುವುದು ನಮ್ಮದೇ ಅನುಮಾನ.

ಕೆಡುವ ಜಾಗಗಳು ಇನ್ನೂ ಕೆಲವಿವೆ. ಮೇಜರ್ ಕಾರ್ಡುಗಳಲ್ಲಿ 13ನೆಯ ಡೆತ್ (ಸಾವು), 16ನೆಯ ಟವರ್ (ಗೋಪುರ) ಕಂಡ ಕೂಡಲೇ ಕಟ್ಟು ಮುಚ್ಚುವವರಿದ್ದಾರೆ. ಡೆತ್ ಕಾರ್ಡಿನ ಹಿನ್ನೆಲೆಯಲ್ಲಿ ಎರಡು ಗೋಪುರಗಳ ನಡುವೆ ಸೂರ್ಯನೂ ಇದ್ದಾನೆ. ‘ಕೈಬಿಡಬೇಕಾದದ್ದು’ ಎಂಬ ಜಾಗಕ್ಕೆ ಅದು ಬಂದರೆ ಯಾವುದು ಮುಗಿಯುತ್ತದೆ ಎಂದು ಬರೆಯಿರಿ, ಸಾವಿನ ಸೂಚನೆ ಎಂದು ಹೆದರಬೇಡಿ. ತಲೆಕೆಳಗಾಗಿ ಬಂದ ಕಾರ್ಡಿಗೆ ಬೇರೆ ಅರ್ಥ ಹೇಳುವ ಪದ್ಧತಿ ಇದೆ. ಸದ್ಯಕ್ಕೆ ನೇರ ಮಾಡಿಕೊಂಡೇ ಓದಿ. ಕಾಯಿಲೆ, ಕೋರ್ಟು, ಸಾಲದ ತೀರ್ಮಾನಗಳನ್ನು ಇಲ್ಲಿಗೆ ತರಲೇಬೇಡಿ. ಇನ್ನೊಂದು: ಯಾವ ಕಾರ್ಡ್ ಬಂದಾಗ ‘ಇದು ಬೇಡ, ಇನ್ನೊಂದು ತೆಗೆಯೋಣ’ ಅನ್ನಿಸಿತೋ ಅದರ ಪಕ್ಕದಲ್ಲಿ ಗುರುತು ಹಾಕಿ. ಮೊದಲು ವಿಚಾರಿಸಬೇಕಾದದ್ದು ಅಲ್ಲಿದೆ.

ಅದೇ ಪ್ರಶ್ನೆಗೆ ಮತ್ತೆ ಕಾರ್ಡ್ ಹಾಕುವುದು ಹೊಸ ವಿಷಯವೇನಾದರೂ ತಿಳಿದ ಮೇಲೆಯೇ. ನಿಮಗೊಂದು ದಾರಿ ಇದೆ. ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ವಾರ ರಜೆ ಹಾಕಿ ಊರಿನಲ್ಲಿರಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಬೆರೆಸುವುದರಿಂದ ಹಿಡಿದು ಮರ ಹತ್ತುವವರನ್ನು ಹುಡುಕಿ ಕರೆತರುವ ತನಕ ಎಲ್ಲಕ್ಕೂ ನೀವೇ ನಿಲ್ಲಿ. 40-45 ದಿನಕ್ಕೆ ಎರಡನೆಯ ಸಲದ್ದು ಬರುತ್ತದೆ, ಅದಕ್ಕೂ ಬನ್ನಿ. ಅದು ಮುಗಿದ ಮೇಲೆ ಹಳೆಯ ಕಾಗದ ನೋಡದೆ ಮಧ್ಯದ ಕಾರ್ಡನ್ನು ಹೊಸದಾಗಿ ಆರಿಸಿ. ಮೊದಲಿನದೇ ಬಂದರೆ ಉಳಿದ ಐದನ್ನು ತೆಗೆಯಿರಿ. ಬೇರೆ ಬಂದರೆ ಮೊದಲು ವಾಕ್ಯವನ್ನು ಮತ್ತೆ ಬರೆಯಿರಿ.