ಅಡಿಕೆ ಬೇಯಿಸುವ ಹಬೆಗೆ ಲೈಟು ಹತ್ತುವುದೇಕೆ?

ಪ್ರಶ್ನೆ: ಅಡಿಕೆ ಒಣಗಿಸುವ ಅಂಗಳಕ್ಕೆ ಸೆನ್ಸರ್ ಲೈಟ್ ಹಾಕಿಸಿದ್ದೇವೆ. ಸಂಜೆ ಅಡಿಕೆ ಬೇಯಿಸುವಾಗ ಯಾರೂ ಓಡಾಡದಿದ್ದರೂ ಹತ್ತುತ್ತದೆ. ಕೂತು ಅಡಿಕೆ ಆರಿಸುತ್ತಿದ್ದರೆ ಆರಿಹೋಗುತ್ತದೆ. ಮುಂದಿನ ಬಿಳಿ ಪ್ಲಾಸ್ಟಿಕ್ ಒಡೆದಿದ್ದಕ್ಕೆ ಗಾಜು ಕೂರಿಸಿದೆವು; ಈಗ ಏನು ಮಾಡಿದರೂ ಹತ್ತುತ್ತಿಲ್ಲ.
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲು ಗಾಜು ತೆಗೆಯಿರಿ. ಸೆನ್ಸರ್ ಹಿಡಿಯುವುದು ನಮ್ಮ ಮೈಯಿಂದ ಹೊರಡುವ ಅವಗೆಂಪು ಕಿರಣಗಳನ್ನು, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು. ಅವು 9–10 ಮೈಕ್ರೋಮೀಟರ್ ಆಸುಪಾಸಿನಲ್ಲಿ ಅತಿ ಹೆಚ್ಚು. ಮಾಮೂಲಿ ಗಾಜು ಅವನ್ನು ಒಳಗೆ ಬಿಡುವುದೇ ಇಲ್ಲ. ಒಡೆದದ್ದು ಬರೀ ಮುಚ್ಚಳವಲ್ಲ, ಪಾಲಿಥೀನ್‌ನ ಫ್ರೆನೆಲ್ ಲೆನ್ಸ್ (ಗೆರೆಗಳಿರುವ ತೆಳು ಲೆನ್ಸ್). ಅದೇ ಅಳತೆಯ, ಅದೇ ನಾಭಿದೂರದ ಲೆನ್ಸನ್ನೇ ಹಾಕಿ. ಗೆರೆಗಳಿರುವ ಮುಖ ಸೆನ್ಸರ್ ಕಡೆಗಿರಲಿ.

ಉಳಿದೆರಡು ತೊಂದರೆಗಳ ಬೇರು ಒಂದೇ. ಸೆನ್ಸರ್ ಎಂದರೆ ಲೋಹದ ಪುಟ್ಟ ಡಬ್ಬಿ. ಅದರೊಳಗೆ ಪೈರೋಎಲೆಕ್ಟ್ರಿಕ್ ಸೆರಾಮಿಕ್‌ನ ತೆಳು ತುಣುಕುಗಳಿವೆ. ಸಾಮಾನ್ಯವಾಗಿ ಲೆಡ್ ಜಿರ್ಕೋನೇಟ್ ಟೈಟನೇಟ್ ಜಾತಿಯವು. ತಯಾರಿಸುವಾಗ ಬಿಸಿಮಾಡಿ, ಹೆಚ್ಚಿನ ವೋಲ್ಟೇಜ್ ಕೊಟ್ಟು ಸೆರಾಮಿಕ್‌ಗೆ ಕಾಯಂ ಧ್ರುವೀಕರಣ (ಒಳಗಿನ ಧನ, ಋಣ ಆವೇಶಗಳು ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುವುದು) ತಂದಿರುತ್ತಾರೆ. ಬಿಸಿ ಏರಿದರೆ ಅಥವಾ ಇಳಿದರೆ ಈ ಧ್ರುವೀಕರಣ ಬದಲಾಗಿ ಮೇಲ್ಮೈಯಲ್ಲಿ ವಿದ್ಯುದಾವೇಶ ಕಾಣಿಸಿಕೊಳ್ಳುತ್ತದೆ. ಬಿಸಿ ಒಂದೇ ಮಟ್ಟದಲ್ಲಿ ನಿಂತರೆ ಆವೇಶ ಸೋರಿಹೋಗುತ್ತದೆ. ಅಂದರೆ ಸೆನ್ಸರ್‌ಗೆ ತಿಳಿಯುವುದು ಬಿಸಿಯಲ್ಲ, ಬಿಸಿ ಬದಲಾಗುವ ವೇಗ. ಕೂತವರು ಅಲುಗಾಡುವುದು ಕಡಿಮೆ, ಹಾಗಾಗಿ ಟೈಮರ್ ಮುಗಿದೊಡನೆ ಲೈಟು ಆರುತ್ತದೆ. ಅಡಿಕೆ ಆರಿಸುವ ಜಾಗಕ್ಕೆ ಬೇರೆ ಸ್ವಿಚ್ಚಿನ ದೀಪ ಹಾಕುವುದೇ ಸರಿ. ಟೈಮರ್ ಹೆಚ್ಚಿಸಿ ಒದ್ದಾಡಬೇಡಿ.

ಎರಡು ತುಣುಕುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಇಡೀ ಅಂಗಳ ನಿಧಾನವಾಗಿ ಕಾದರೆ ಎರಡರ ಸಂಕೇತವೂ ವಜಾ ಆಗುತ್ತದೆ. ಹಂಡೆಯ ಹಬೆ ಹಾಗಲ್ಲ. ಗಾಳಿಗೆ ತೇಲಿಬಂದು ಮೊದಲು ಒಂದು ತುಣುಕಿನ ನೋಟಕ್ಕೆ, ಆಮೇಲೆ ಇನ್ನೊಂದರ ನೋಟಕ್ಕೆ ಸಿಗುತ್ತದೆ, ಥೇಟ್ ಮನುಷ್ಯ ಅಡ್ಡ ಹಾಯ್ದಂತೆ. ಒಲೆಯ ಕಡೆಗಿರುವ ಲೆನ್ಸ್ ಭಾಗಕ್ಕೆ ಒಳಗಿನಿಂದ ಅಲ್ಯೂಮಿನಿಯಂ ಟೇಪ್ ಅಂಟಿಸಿ. ಸೆನ್ಸರನ್ನು 2ರಿಂದ 2.5 ಮೀಟರ್ ಎತ್ತರದಲ್ಲಿ, ಜನ ಎದುರಿಗೆ ಬರದೆ ಅಡ್ಡ ಹಾಯುವಂತೆ ಕೂರಿಸಿ. ಅಲುಗಾಡುವ ತಗಡಿನ ಶೀಟಿಗೆ ಮಾತ್ರ ಬಿಗಿಯಬೇಡಿ: ಇದೇ ಸೆರಾಮಿಕ್ ಅದುರಿಕೆಗೂ ವಿದ್ಯುತ್ ಕೊಡುತ್ತದೆ.

ಏಪ್ರಿಲ್ ಮಧ್ಯಾಹ್ನ ಅಂಗಳವೂ ಮೈಯೂ ಹೆಚ್ಚುಕಡಿಮೆ ಒಂದೇ ಬಿಸಿಗೆ ಬಂದಾಗ ದೂರದವರು ಸೆನ್ಸರ್‌ಗೆ ಸಿಗುವುದಿಲ್ಲ, ಅದು ಕೆಟ್ಟಿದ್ದಲ್ಲ. ಮಳೆಗಾಲದ ಥಂಡಿಗೆ ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ನೀರು ಪಸೆದು ತಾನಾಗಿ ಹತ್ತುತ್ತಿದ್ದರೆ ಬೋರ್ಡನ್ನು ಒಣಗಿಸಿ, ಸೆನ್ಸರ್‌ನ ಕಿಟಕಿಯನ್ನೂ ತಿರುಗಿಸುವ ಬಿರಟೆಗಳನ್ನೂ ಮುಚ್ಚಿಕೊಂಡು ಅಕ್ರಿಲಿಕ್ ಲ್ಯಾಕರ್ ಹೊಡೆಯಿರಿ.

ಪ್ರಶ್ನೆ: ಇದೇ ಸೆನ್ಸರ್‌ನಿಂದ ನಿಂತ ವಸ್ತುವಿನ ಬಿಸಿ ಕಂಡುಹಿಡಿಯಬಹುದೇ? ಬೆಸುಗೆ ಹಾಕುವಾಗ ಏನು ಎಚ್ಚರ ಬೇಕು?
– ವಿದ್ಯಾರ್ಥಿ, ಸಾಗರ

ಉತ್ತರ: ಈ ಜಾತಿಯ ಸೆನ್ಸರ್‌ನಿಂದ ಕಂಡುಹಿಡಿಯಬಹುದು, ಆದರೆ ಬದಲಾವಣೆಯನ್ನು ನೀವೇ ಉಂಟುಮಾಡಬೇಕು. ಸಣ್ಣ ಮೋಟಾರಿಗೆ ಸೀಳುಗಳಿರುವ ತಟ್ಟೆ ಸಿಕ್ಕಿಸಿ, ಸೆನ್ಸರ್ ಮುಂದೆ ಸೆಕೆಂಡಿಗೆ ಒಂದೆರಡು ಸಲ ಕಿರಣ ತಡೆದು ಬಿಡುವಂತೆ ತಿರುಗಿಸಿ. ಶೀತಲೀಕರಣವಿಲ್ಲದ ಉಷ್ಣ ಕ್ಯಾಮೆರಾಗಳಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೇರಿಯಂ ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಸೆರಾಮಿಕ್ ಬಳಸಿದಾಗಲೂ ಇಂಥ ತಿರುಗುತಟ್ಟೆ ಬೇಕಾಗಿತ್ತು. ವಿರುದ್ಧ ಜೋಡಣೆಯ ಎರಡು ತುಣುಕಿನ ಸೆನ್ಸರ್ ಇದಕ್ಕೆ ಆಗಿಬರುವುದಿಲ್ಲ. ಒಂದೇ ತುಣುಕಿನದನ್ನು ಕೊಳ್ಳಿ. ಸೀಳು ತಟ್ಟೆಯ ಬಿಸಿಯನ್ನೂ ಅಳೆದಿಟ್ಟುಕೊಳ್ಳಿ, ಸಿಗುವುದು ವಸ್ತುವಿಗೂ ತಟ್ಟೆಗೂ ಇರುವ ವ್ಯತ್ಯಾಸ ಮಾತ್ರ.

ಬೆಸುಗೆಗೆ ಸೆನ್ಸರ್‌ನ ಕಾಲುಗಳನ್ನು (ಡಬ್ಬಿಯಿಂದ ಹೊರಬಂದ ತಂತಿಗಳನ್ನು) ಗಿಡ್ಡ ಮಾಡಬೇಡಿ. ಡಬ್ಬಿಯಿಂದ 4–5 ಮಿಲಿಮೀಟರ್ ಬಿಟ್ಟು, ಕಾಲೊಂದಕ್ಕೆ 3 ಸೆಕೆಂಡ್ ಮೀರದಂತೆ ಮುಗಿಸಿ. ಸೆರಾಮಿಕ್ ತನ್ನ ಕ್ಯೂರಿ ತಾಪಮಾನ ದಾಟಿದರೆ ಧ್ರುವೀಕರಣ ಅಳಿಸಿಹೋಗುತ್ತದೆ, ತಣ್ಣಗಾದ ಮೇಲೂ ಮರಳಿ ಬರುವುದಿಲ್ಲ. ಕಿಟಕಿಗೆ ಬೆರಳು ತಾಗಿಸಬೇಡಿ; ತಾಗಿದರೆ ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಮೆಲ್ಲಗೆ ಒರೆಸಿ.