ಪ್ರತಿಕ್ರಿಯೆ: ಅಂಗಡಿ ತೆರೆದ ದಿನವೇ ದಾನದ ಚೀಲ ಬೇಡ
ಇಂಗ್ಲೆಂಡಿನಲ್ಲಿ ಎಂಟು ತಿಂಗಳು ಮುಚ್ಚಿದ್ದ ಚಾರಿಟಿ ಅಂಗಡಿಗೆ (ದಾನ ಬಂದ ಹಳೇ ಬಟ್ಟೆ, ಸಾಮಾನು ಮಾರಿ ಸೇವಾಕಾರ್ಯಕ್ಕೆ ಹಣ ಕೂಡಿಸುವ ಅಂಗಡಿ) ಮೊದಲ ದಿನದಿಂದಲೇ ದಾನ ತೆಗೆದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಬೇಡ. ಮೊದಲ ವಾರ ಹಳೇ ದಾಸ್ತಾನು ಕರಗಲಿ. 2020ರ ಜೂನ್‌ನಲ್ಲಿ, ಕೋವಿಡ್ ಲಾಕ್‌ಡೌನ್ ನಂತರ ಮತ್ತೆ ತೆರೆದಾಗ, ಅಲ್ಲಿನ ಇಂಥ ಅಂಗಡಿಗಳಿಗೆ ಇದೇ ಪೇಚಾಟ: ಮನೆಯಲ್ಲಿ ಕೂತವರೆಲ್ಲ ಬೀರು ಖಾಲಿ ಮಾಡಿ ಚೀಲ ತಂದರು, ಬಟ್ಟೆ ವಿಂಗಡಿಸುವ ಹಿರಿಯ ಸ್ವಯಂಸೇವಕರಲ್ಲಿ ಹಲವರು ಬರಲಿಲ್ಲ. ಅದರ ಮೇಲೆ ಸೋಂಕಿನ ಭಯಕ್ಕೆ ಚೀಲಗಳನ್ನು 72 ಗಂಟೆ ಪ್ರತ್ಯೇಕ ಇಡಬೇಕಿತ್ತು, ಹಿಂದಿನ ಕೋಣೆ ತುಂಬಿಹೋಯಿತು.

ಮೊದಲ ವಾರದ ನಂತರ ವಾರಕ್ಕೆರಡು ದಿನ, ಒಬ್ಬೊಬ್ಬರಿಂದ ಮೂರು ಚೀಲ ತೆಗೆದುಕೊಂಡರೆ ಸಾಕು. ಬಾಗಿಲಾಚೆ ಬಿಟ್ಟುಹೋದದ್ದು ಮಳೆಗೆ ನೆನೆದರೆ ಚಿಂದಿ ವ್ಯಾಪಾರಿಯೂ ಮುಟ್ಟುವುದಿಲ್ಲ, ಕಸ ಸಾಗಿಸುವ ಖರ್ಚು ನಿಮ್ಮದೇ. ಉಣ್ಣೆ ಬಟ್ಟೆಯ ಕಾಲರ್ ಅಡಿ, ಹೊಲಿಗೆಯಲ್ಲಿ ನುಸಿ ಹುಡುಕಿ.

ಹಲವರು ಮರೆಯುವುದು ನಲ್ಲಿ. ಅಂಗಡಿ ತೆರೆಯುವ ಮುನ್ನ ಪ್ರತಿಯೊಂದನ್ನೂ ಕೆಲವು ನಿಮಿಷ, ಹನಿ ಸಿಡಿಯದಂತೆ ನಿಧಾನವಾಗಿ ಹರಿಯಬಿಡಿ. ನಿಂತ ನೀರಿನಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು; ಸಿಡಿದ ಹನಿಯೊಡನೆ ಉಸಿರಿಗೆ ಸೇರಿದರೆ ಅದು ನ್ಯುಮೋನಿಯಾ ತರಬಲ್ಲದು.